‘ನಂದಾದ್ಮೇಲೆ ನೀನು’: ನಲಿಕಲಿ ಮಕ್ಕಳಿಗೆ ಹೊಂದ್ಕೊಂಡು ಇರೋದು ಕಲಿಸೋ ಬಗೆ

ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಬರೋ ಮಗುಗೆ ಅಕ್ಷರ ಬರತ್ತಾ, ಹತ್ತರ ತನಕ ಎಣಿಸತ್ತಾ ಅಂತ ಎಲ್ರೂ ಕೇಳ್ತಾರೆ. ಪಕ್ಕದಲ್ಲಿ ಕೂತಿರೋ ಮಗು ಹತ್ರ ಒಂದು ಬಳಪ ಕೇಳಿ ಇಸ್ಕೊಳ್ಳೋಕೆ ಬರತ್ತಾ ಅಂತ ಯಾರೂ ಕೇಳಲ್ಲ. ಆದ್ರೆ ಮೊದಲ ಎರಡು ತಿಂಗಳು ಕ್ಲಾಸಲ್ಲಿ ಆಗೋ ಅಳು, ಚಿವುಟೋದು, ಕಚ್ಚೋದು, ‘ಮಿಸ್ ಇವ್ನ್ ನೋಡಿ’ ಎಲ್ಲಾ ಹುಟ್ಟೋದು ಅಲ್ಲೇ. ನಮ್ಮ ಮೂಡಿಗೆರೆ ಕಡೆ ಅಂತೂ ಜೂನಿಂದ ಆಗಸ್ಟ್ ತನಕ ಮಳೆ ಬಿಡಲ್ಲ, ಮಕ್ಕಳನ್ನ ಮೈದಾನಕ್ಕೆ ಬಿಡೋ ಹಾಗಿಲ್ಲ, ನಲಿಕಲಿ ಅಂದ್ರೆ ಸರ್ಕಾರಿ ಶಾಲೆಲಿ ಒಂದು ಎರಡು ಮೂರನೇ ಕ್ಲಾಸಿನವರಿಗೆ ಒಟ್ಟಿಗೆ ಚಟುವಟಿಕೆ ಮಾಡಿಸಿ ಕಲಿಸೋ ಪದ್ಧತಿ, ಹಾಗಾಗಿ ಎಲ್ಲಾ ಮಕ್ಕಳೂ ಒಂದೇ ರೂಮಲ್ಲಿ, ಜಗಲಿ ಮೇಲೆ ಒಂದೇ ಥರದ ಕಪ್ಪು ಕೊಡೆಗಳ ರಾಶಿ, ಒದ್ದೆ ಚಪ್ಪಲಿ ರಾಶಿ, ಬೆಳಗ್ಗೆ ಪ್ರಾರ್ಥನೆಗೆ ಮುಂಚೆನೇ ಮೊದಲ ಜಗಳ ಆಗೋಗಿರತ್ತೆ, ‘ಅದು ನನ್ ಕೊಡೆ ಕಣೋ’ ಅಂತ.

ನಾನು ಹೇಳ್ತಿರೋದು ಇಷ್ಟೇ. ಈ ವಯಸ್ಸಿನ ಮಕ್ಕಳು ಕಿತ್ಕೊಳ್ಳೋದು, ತಳ್ಳೋದು ಕೆಟ್ಟತನದಿಂದ ಅಲ್ಲ, ಆ ಹೊತ್ತಿಗೆ ಬಾಯಿಗೆ ಮಾತು ಬರಲ್ಲ, ಅದಕ್ಕೆ ಕೈ ಮುಂದೆ ಹೋಗತ್ತೆ. ‘ಒಳ್ಳೆ ಮಕ್ಕಳ ಥರ ಇರಿ’, ‘ಹೊಂದ್ಕೊಂಡು ಹೋಗಿ’ ಅಂತ ನೂರು ಸಲ ಹೇಳಿದ್ರೂ ಆ ಮಗುಗೆ ಈಗ ಏನ್ ಮಾಡ್ಬೇಕು ಅನ್ನೋದು ಗೊತ್ತಾಗಲ್ಲ. ಅದಕ್ಕೆ ಬೇಕಾಗಿರೋದು ಬಾಯಲ್ಲಿ ರೆಡಿ ಇರೋ ನಾಲ್ಕು ಮಾತು, ಅದನ್ನ ಜಗಳ ಇಲ್ಲದ ಹೊತ್ತಲ್ಲಿ ಹೇಳಿ ಹೇಳಿ ರೂಢಿ ಮಾಡ್ಕೊಳ್ಳೋಕೆ ಜಾಗ.

ಮೊದಲು ವಯಸ್ಸು ನೋಡ್ಕೊಳ್ಳಿ

ಎರಡು ಮೂರು ವರ್ಷದ ಮಕ್ಕಳು ಪಕ್ಕಪಕ್ಕದಲ್ಲೇ ಕೂತು ಆಡ್ತಾರೆ ಹೊರತು ಒಟ್ಟಿಗೆ ಆಡಲ್ಲ, ಅದು ಆ ವಯಸ್ಸಿಗೆ ಸರಿಯಾಗೇ ಇದೆ, ಅಂಗನವಾಡಿಗೆ ಹೊಸದಾಗಿ ಸೇರಿದ ಮಗುನ ‘ಎಲ್ರ ಜೊತೆ ಸೇರ್ಕೊಂಡು ಆಡು’ ಅಂತ ಎಳೀಬೇಡಿ. ಇನ್ನೊಬ್ಬರ ತಲೆಲಿ ನಮ್ಮ ತಲೆಲಿ ಇರೋದಕ್ಕಿಂತ ಬೇರೆ ಏನೋ ಇರಬಹುದು ಅನ್ನೋದು ಮಕ್ಕಳಿಗೆ ಹೊಳೆಯೋದು ಸುಮಾರು 4 ವರ್ಷದ ಹೊತ್ತಿಗೆ. ಇದನ್ನ ನೀವೇ ನೋಡಬಹುದು. ಒಂದು ಬಿಸ್ಕತ್ ಪ್ಯಾಕೆಟ್ ಖಾಲಿ ಮಾಡಿ ಒಳಗೆ ಹುಣಸೆ ಬೀಜ ತುಂಬಿ, ಮಗು ಕೈಗೆ ಕೊಟ್ಟು ಒಳಗೆ ಏನಿದೆ ಅಂತ ಕೇಳಿ, ‘ಬಿಸ್ಕತ್’ ಅನ್ನತ್ತೆ, ಬಿಚ್ಚಿ ತೋರಿಸಿ, ಮತ್ತೆ ಮುಚ್ಚಿ, ‘ಈಗ ಹೊರಗಡೆ ಇರೋ ನಿನ್ ಫ್ರೆಂಡ್ ಬಂದು ಈ ಪ್ಯಾಕೆಟ್ ನೋಡಿದ್ರೆ ಒಳಗೆ ಏನಿದೆ ಅಂತ ಅನ್ಕೋತಾಳೆ?’ ಅಂತ ಕೇಳಿ. ಮೂರು ವರ್ಷದ ಮಕ್ಕಳು ಹೆಚ್ಚಾಗಿ ‘ಹುಣಸೆ ಬೀಜ’ ಅಂತಲೇ ಹೇಳ್ತಾರೆ, ತನಗೆ ಗೊತ್ತಿದ್ದ ಮೇಲೆ ಎಲ್ರಿಗೂ ಗೊತ್ತು ಅನ್ನೋ ಲೆಕ್ಕ. ನಾಲ್ಕು ಐದರ ಹೊತ್ತಿಗೆ ನಗ್ತಾ ‘ಬಿಸ್ಕತ್ ಅನ್ಕೋತಾಳೆ, ಪಾಪ’ ಅಂತಾರೆ. 1980ರ ದಶಕದಲ್ಲಿ ಮನಃಶಾಸ್ತ್ರದವರು ಇಂಥದ್ದೇ ಪರೀಕ್ಷೆನ ಚಾಕಲೇಟ್ ಡಬ್ಬಿ, ಪೆನ್ಸಿಲ್ ಇಟ್ಕೊಂಡು ಮಾಡಿದ್ದು.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಮೂರು ವರ್ಷದ ಮಗುಗೆ ‘ಅವಳಿಗೆ ಎಷ್ಟು ಬೇಜಾರಾಗಿರತ್ತೆ ಯೋಚನೆ ಮಾಡು’ ಅನ್ನೋ ಮಾತು ತಲೆಗೆ ಹೋಗೋದು ಕಷ್ಟ. ಅದರ ಬದಲು ಕಣ್ಣಿಗೆ ಕಾಣೋದನ್ನ ತೋರಿಸಿ, ‘ನೋಡು ಅವಳ ಕಣ್ಣಲ್ಲಿ ನೀರು ಬಂದಿದೆ, ಅವಳ ಬೊಂಬೆ ನಿನ್ ಕೈಲಿದೆ’. ಅಷ್ಟು ಸಾಕು. ಒಂದನೇ ಕ್ಲಾಸಿನವರಿಗೆ ಆದ್ರೆ ‘ನಿಂಗೆ ಹಾಗೆ ಮಾಡಿದ್ರೆ?’ ಅಂತ ಕೇಳಬಹುದು, ಉತ್ತರ ಬರತ್ತೆ.

ನಾಲ್ಕು ಮಾತು, ಒಂದು ನಾಟಕ

ನಾನು ಶುರು ಮಾಡೋದು ಈ ನಾಲ್ಕರಿಂದ. ‘ನಂಗೂ ಒಂದ್ಸಲ ಕೊಡ್ತೀಯಾ?’ ‘ನಂದಾದ್ಮೇಲೆ ನೀನು.’ ‘ಬೇಡ, ನಂಗಿಷ್ಟ ಇಲ್ಲ, ನಿಲ್ಸು.’ ‘ಮಿಸ್, ನಂಗೆ ಹೆಲ್ಪ್ ಬೇಕು.’ ಇವು ನಿಮ್ಮ ಊರಿನ ಮಕ್ಕಳು ಮಾತಾಡೋ ಧಾಟಿಲೇ ಇರಲಿ, ‘ದಯವಿಟ್ಟು ನನಗೆ ಕೊಡುವೆಯಾ’ ಅಂತ ಪುಸ್ತಕದ ಭಾಷೆಲಿ ಕಲಿಸಿದ್ರೆ ಅದನ್ನ ಇನ್‌ಸ್ಪೆಕ್ಷನ್ ದಿನ ಮಾತ್ರ ಹೇಳ್ತಾರೆ. ‘ಕೊಡೋ’ ಅನ್ನೋದಕ್ಕೆ ‘ಕೊಡ್ಲಾ’ ಅಂತಲೇ ಮಾತಾಡೋ ಮಕ್ಕಳು ‘ಒಂದ್ಸಲ ಕೊಡ್ಲಾ, ಆಮೇಲೆ ವಾಪಸ್ ಕೊಡ್ತೀನಿ’ ಅಂದ್ರೂ ನಂಗೆ ಸಂತೋಷನೇ, ಕೇಳಿ ಇಸ್ಕೊಂಡ್ರಲ್ಲ.

ವಾರಕ್ಕೆ ಒಂದೇ ಮಾತು. ಪ್ರಾರ್ಥನೆ ಆದ್ಮೇಲೆ ವೃತ್ತದಲ್ಲಿ ಕೂರಿಸ್ಕೊಂಡು ಐದೇ ನಿಮಿಷ. ಸೋಮವಾರ ದೊಡ್ಡೋರು ಮಾಡಿ ತೋರಿಸ್ಬೇಕು, ಇದಕ್ಕೆ ನಮ್ಮಲ್ಲಿ ಬಿಸಿಯೂಟದ ಅಕ್ಕನ್ನ ಕರೀತೀನಿ, ಮಕ್ಕಳಿಗೆ ಅಕ್ಕ ಅಂದ್ರೆ ಸಲಿಗೆ. ನಾನು ಸ್ಲೇಟ್ ಮೇಲೆ ಏನೋ ಗೀಚ್ತಾ ಕೂತಿರ್ತೀನಿ, ಅಕ್ಕ ಬಂದು ಬಳಪ ಕಸ್ಕೊಂಡು ಹೋಗ್ತಾರೆ, ನಾನು ಜೋರಾಗಿ ‘ಊಂ…’ ಅಂತ ಅಳ್ತೀನಿ. ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಆಮೇಲೆ ಕೇಳೋದು, ‘ಅಕ್ಕ ಹೆಂಗೆ ಕೇಳಬೇಕಿತ್ತು?’ ಮೂರನೇ ಕ್ಲಾಸಿನವಳು ಒಬ್ಬಳು ಸೊಂಟದ ಮೇಲೆ ಕೈ ಇಟ್ಕೊಂಡು ಅಕ್ಕನಿಗೇ ಪಾಠ ಮಾಡ್ತಾಳೆ, ‘ಅಕ್ಕ, ನಂಗೂ ಒಂದ್ಸಲ ಕೊಡ್ತೀಯಾ ಅಂತ ಕೇಳ್ಬೇಕು, ಕೊಡೋ ತನಕ ಕೈ ಹಿಂದೆ ಇಟ್ಕೊಂಡಿರಬೇಕು’. ಈ ಕೈ ಹಿಂದೆ ಇಟ್ಕೊಳ್ಳೋದು ನಾನು ಹೇಳ್ಕೊಟ್ಟಿದ್ದಲ್ಲ, ಮಕ್ಕಳೇ ಸೇರಿಸಿದ್ದು, ಈಗ ಅದೇ ನಮ್ಮ ಕ್ಲಾಸಿನ ರೂಲ್ಸ್. ಅಕ್ಕ ಎರಡನೇ ಸಲ ಸರಿಯಾಗಿ ಕೇಳ್ತಾರೆ, ನಾನು ಕೊಡಲ್ಲ, ‘ನಂದಾದ್ಮೇಲೆ ನೀನು’ ಅಂತೀನಿ, ಅಕ್ಕ ಕಾಯ್ತಾರೆ, ಆಮೇಲೆ ಕೊಡ್ತೀನಿ. ಈ ಕಾಯೋ ಭಾಗನ ನಾಟಕದಲ್ಲಿ ತೋರಿಸ್ಲೇಬೇಕು, ಕೇಳಿದ ತಕ್ಷಣ ಸಿಕ್ಕಿಬಿಡತ್ತೆ ಅಂತ ತೋರಿಸಿದ್ರೆ ನಿಜವಾದ ಜಗಳದಲ್ಲಿ ಆ ಮಾತು ಕೆಲಸ ಮಾಡಲ್ಲ, ಮಗು ಎರಡನೇ ದಿನಕ್ಕೇ ಅದನ್ನ ಬಿಟ್ಟುಬಿಡತ್ತೆ.

ಮಂಗಳವಾರದಿಂದ ಇಬ್ಬಿಬ್ಬರು ಮಕ್ಕಳು ಮಾಡ್ತಾರೆ. ನಾಚ್ಕೊಳ್ಳೋ ಮಗು ಕೈಗೆ ಹಳೇ ಸಾಕ್ಸಿಗೆ ಗುಂಡಿ ಹೊಲಿದು ಮಾಡಿದ ಬೊಂಬೆ ಕೊಡಿ, ತಾನು ಹೇಳದ ಮಾತನ್ನ ಬೊಂಬೆ ಕೈಲಿ ಹೇಳಿಸತ್ತೆ. ಆಮೇಲೆ ಇಡೀ ವಾರ ಆ ಮಾತು ನಿಜವಾಗಿ ಬಂದಾಗ ನೀವು ಗಮನಿಸ್ಬೇಕು. ‘ಗುಡ್ ಬಾಯ್’ ಬೇಡ, ಏನಾಯ್ತು ಅನ್ನೋದನ್ನ ಹೇಳಿ, ‘ನೀನು ಕೇಳಿ ಇಸ್ಕೊಂಡೆ, ಅವನು ಕೊಟ್ಟ, ಇಬ್ರುದೂ ಚಿತ್ರ ಮುಗೀತು’.

ಮೂರನೇ ಮಾತು, ‘ಬೇಡ, ನಿಲ್ಸು’ ಅನ್ನೋದನ್ನ ಮೆತ್ತಗೆ ಹೇಳಿಸ್ಬೇಡಿ. ನೇರ ನಿಂತು, ಅಂಗೈ ಮುಂದೆ ಚಾಚಿ, ಗಟ್ಟಿಯಾಗಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆಲಿ ‘ಸುಮ್ನಿರು, ಹೋಗ್ಲಿ ಬಿಡು’ ಅಂತಲೇ ಹೇಳಿಕೊಟ್ಟಿರ್ತಾರೆ, ಅವರಿಗೆ ಇದನ್ನ ಎರಡು ಪಟ್ಟು ಜಾಸ್ತಿ ಮಾಡಿಸಿ. ಮುಂದೆ ಒಳ್ಳೆ ಸ್ಪರ್ಶ ಕೆಟ್ಟ ಸ್ಪರ್ಶದ ಪಾಠಕ್ಕೂ ಇದೇ ಬುನಾದಿ.

ಬೇಕಂತಲೇ ಸಾಮಾನು ಕಮ್ಮಿ ಇಡಿ

ಕತ್ತರಿ, ಬಣ್ಣದ ಪೆನ್ಸಿಲ್, ಅಂಟು ಎಲ್ಲಾ ಮಗುಗೂ ಒಂದೊಂದು ಕೊಟ್ಬಿಟ್ರೆ ಶಾಂತಿ ಇರತ್ತೆ ನಿಜ, ಆದ್ರೆ ಕೇಳೋ ಪ್ರಸಂಗನೇ ಬರಲ್ಲ. ನಾಲ್ಕು ಮಕ್ಕಳ ತಟ್ಟೆಗೆ (ನಲಿಕಲಿಲಿ ಮಕ್ಕಳು ಕೂರೋ ಗುಂಪಿಗೆ ತಟ್ಟೆ ಅಂತೀವಿ) ಎರಡು ಕತ್ತರಿ ಇಟ್ಟು ನೀವು ಅಲ್ಲೇ ಪಕ್ಕದಲ್ಲಿ ಕೂತಿರಿ. ಇಲ್ಲಿ ಒಂದು ವಿಷಯದಲ್ಲಿ ನಾನು ಬಹಳ ಜನ ಟೀಚರ್‌ಗಳ ಜೊತೆ ಒಪ್ಪಲ್ಲ, ‘ಶೇರ್ ಮಾಡು’ ಅಂತ ಆಡ್ತಾ ಇರೋ ಮಗು ಕೈಯಿಂದ ಅರ್ಧಕ್ಕೆ ಬಿಡಿಸಿ ಇನ್ನೊಂದಕ್ಕೆ ಕೊಡೋದು. ಅದರಿಂದ ಮಗು ಕಲಿಯೋದು ಒಂದೇ, ಜೋರಾಗಿ ಅತ್ತವರಿಗೆ ಸಿಗತ್ತೆ ಅಂತ. ಯಾರ ಕೈಲಿದೆಯೋ ಅವರದ್ದು ಮುಗೀಲಿ, ಆದ್ರೆ ಮುಗಿಯೋ ಗುರುತು ಎಲ್ರಿಗೂ ಕಾಣ್ಬೇಕು. ಎಲ್ರೂ ಸೇರಿ 30ರ ತನಕ ಎಣಿಸೋದು, ಇಲ್ಲಾ ಒಂದು ಹಾಡು ಪೂರ್ತಿ ಹಾಡೋದು, ಹಾಡು ಮುಗಿದ್ರೆ ಚಾನ್ಸ್ ಮುಗೀತು. ಕಾಯೋ ಮಗು ಸುಮ್ನೆ ಕಾಯೋಕಾಗಲ್ಲ, ಅದರ ಕೈಗೂ ಕೆಲಸ ಕೊಡಿ, ಎಣಿಸೋದು ಅದರ ಕೆಲಸನೇ ಆಗಲಿ.

ಮಳೆಗಾಲಕ್ಕೆ ಅಳಗುಳಿ ಮಣೆ ಇದ್ರೆ ಬೇರೇನೂ ಬೇಡ. 14 ಗುಳಿ, ಇಬ್ಬರು ಎದುರುಬದುರು, ಒಬ್ಬರು ಕಾಯಿ ಹಂಚ್ತಾ ಹೋಗುವಾಗ ಇನ್ನೊಬ್ಬರು ಕಣ್ಣಿಟ್ಟು ಕಾಯ್ಬೇಕು, ಎಣಿಕೆ, ಸರದಿ, ಸೋಲೋದು ಮೂರೂ ಒಟ್ಟಿಗೆ ಬರತ್ತೆ. ಮಣೆ ಇಲ್ದಿದ್ರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರ್ಕೊಳ್ಳಿ. ಒಂದು ಎಚ್ಚರಿಕೆ, ಕೆಲವು ಮನೆಗಳಲ್ಲಿ ಇದಕ್ಕೆ ಗುಲಗಂಜಿ ಬಳಸ್ತಾರೆ, ಚಿಕ್ಕ ಮಕ್ಕಳ ಕೈಗೆ ಅದು ಖಂಡಿತ ಬೇಡ, ಅಗಿದು ನುಂಗಿದ್ರೆ ವಿಷ. ಹುಣಸೆ ಬೀಜ ಸಾಕು. ಅಂಗನವಾಡಿ ಮಕ್ಕಳಾದ್ರೆ ಅದೂ ಮೂಗಿಗೆ ಹೋಗತ್ತೆ, ಬಾಟಲಿ ಮುಚ್ಚಳ ಕೊಡಿ.

ತಡ್ಕೊಳ್ಳೋದು ಕಲಿಸೋಕೆ ಕೆರೆ-ದಡಕ್ಕಿಂತ ಒಳ್ಳೆ ಆಟ ನಂಗೆ ಗೊತ್ತಿಲ್ಲ. ‘ಕೆರೆ’ ಅಂದಾಗ ಗೆರೆ ಒಳಗೆ, ‘ದಡ’ ಅಂದಾಗ ಹೊರಗೆ, ಆಮೇಲೆ ಎರಡೆರಡು ಸಲ ‘ದಡ’ ಅಂದು ಏಮಾರಿಸೋದು. ಕಾಲು ಎತ್ತಕ್ಕೆ ಮುಂಚೆ ಕಿವಿ ಕೇಳ್ಬೇಕು. ಔಟ್ ಆದವರನ್ನ ಮೂಲೆಲಿ ಕೂರಿಸ್ಬೇಡಿ, ಎಲ್ಲಕ್ಕಿಂತ ಜಾಸ್ತಿ ಪ್ರಾಕ್ಟೀಸ್ ಬೇಕಾಗಿರೋದು ಬೇಗ ಔಟ್ ಆಗೋ ಮಗುಗೇ ಅಲ್ವಾ, ಅವರು ನಿಮ್ಮ ಪಕ್ಕ ನಿಂತು ಮುಂದಿನ ಸಲ ಕೂಗಲಿ.

ಆಟಕ್ಕೆ ಸೇರ್ಕೊಳ್ಳೋದು

‘ನಾನೂ ಬರ್ಲಾ?’ ಅಂತ ಕೇಳೋಕೆ ಕಲಿಸ್ತೀವಿ, ಆ ಕಡೆಯಿಂದ ‘ಬೇಡ’ ಅಂತ ಬರತ್ತೆ, ಅಷ್ಟೇ, ಮಗು ಕಂಬ ಹಿಡ್ಕೊಂಡು ನಿಲ್ಲತ್ತೆ. ಬೇಡ ಅನ್ನೋದು ತುಂಬಾ ಸುಲಭದ ಉತ್ತರ. ಆಟಕ್ಕೆ ಸಲೀಸಾಗಿ ಸೇರೋ ಮಕ್ಕಳನ್ನ ಗಮನಿಸಿ ನೋಡಿ, ಅವರು ಕೇಳೋದೇ ಇಲ್ಲ. ಸ್ವಲ್ಪ ಹೊತ್ತು ಹತ್ರ ನಿಂತು ಆಟ ಏನು ಅಂತ ನೋಡ್ತಾರೆ, ಆಮೇಲೆ ಆ ಆಟಕ್ಕೆ ಬೇಕಾದ ಏನೋ ಒಂದು ಮಾಡ್ತಾರೆ, ಹೊರಗೆ ಹೋದ ಚೆಂಡು ತಂದುಕೊಡ್ತಾರೆ, ಮನೆ ಆಟ ಆಗಿದ್ರೆ ಎಲೆ ಕಿತ್ತು ತಂದು ‘ಸೊಪ್ಪು ಬೇಕಾ ಸೊಪ್ಪು’ ಅಂತ ಬಾಗಿಲಿಗೆ ಬರ್ತಾರೆ. ಸೊಪ್ಪಿನೋಳನ್ನ ಯಾರು ಓಡಿಸ್ತಾರೆ? ಮಕ್ಕಳ ಆಟದ ಮೇಲೆ ಸಂಶೋಧನೆ ಮಾಡಿದವರೂ ಇದನ್ನೇ ಕಂಡಿದ್ದು, ಆಟದ ಮಧ್ಯೆ ನುಗ್ಗಿ ತನ್ನ ಕಡೆ ಗಮನ ಎಳೆಯೋ ಮಗುಗಿಂತ ನಡೀತಿರೋ ಆಟಕ್ಕೆ ಹೊಂದೋ ಹಾಗೆ ಬರೋ ಮಗುನ ಬೇಗ ಸೇರಿಸ್ಕೋತಾರೆ. ಹೊರಗೇ ಉಳಿಯೋ ಮಗು ಜೊತೆ ನೀವು ನಿಂತು ಕಿವೀಲಿ ಹೇಳಿ, ‘ಅವರು ಏನ್ ಆಡ್ತಿದಾರೆ? ಅವರಿಗೆ ಈಗ ಏನ್ ಬೇಕಾಗಿರಬಹುದು?’

ಇನ್ನು ತೀರಾ ಚಿಕ್ಕವರಿಗೆ ನಮ್ಮಲ್ಲಿ ಮೊದಲಿಂದಲೂ ಇರೋ ಏರ್ಪಾಡು ಇದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಜೂಟಾಟದಲ್ಲಿ ಚಿಕ್ಕೋನು ಓಡಬಹುದು, ಮುಟ್ಟಿದ್ರೂ ಔಟ್ ಇಲ್ಲ. ದೊಡ್ಡೋರನ್ನ ಬೈಯೋಕೆ ಈ ಮಾತು ಬಳಸ್ತೀವಿ, ಮಕ್ಕಳ ಆಟದಲ್ಲಿ ಮಾತ್ರ ಇದು ಚಿಕ್ಕವರ ಮೇಲಿನ ಪ್ರೀತಿ. ಆದ್ರೆ ಅದೇ ಮಗುನ ವರ್ಷಪೂರ್ತಿ ಲೆಕ್ಕಕ್ಕಿಲ್ಲ ಮಾಡದ ಹಾಗೆ ನೋಡ್ಕೊಳ್ಳಿ, ದಸರಾ ರಜೆ ಮುಗಿಸಿ ಬಂದ್ಮೇಲೆ ಎಲ್ರೂ ಲೆಕ್ಕಕ್ಕಿರಬೇಕು.

ನಲಿಕಲಿಲಿ ಇರೋ ಅನುಕೂಲ

1995ರಲ್ಲಿ ಹೆಗ್ಗಡದೇವನಕೋಟೆಲಿ ಶುರುವಾಗಿ 2009-10ಕ್ಕೆ ರಾಜ್ಯಪೂರ್ತಿ ಬಂದ ನಲಿಕಲಿ ಬಗ್ಗೆ ಟೀಚರ್‌ಗಳ ದೂರು ಏನೇ ಇರಲಿ, ದಾಖಲೆ ಬರೆದು ಕೈ ನೋವು ಬರೋದು ನಂಗೂ ಗೊತ್ತು, ಆದ್ರೆ ಗೆಳೆಯರ ಸಹಾಯದ ತಟ್ಟೆ ಇದೆಯಲ್ಲ ಅದು ಚಿನ್ನ. ಸಮಸ್ಯೆ ಏನಂದ್ರೆ ಸಹಾಯ ಮಾಡೋದು ಹೇಗೆ ಅಂತ ನಾವು ದೊಡ್ಡ ಮಕ್ಕಳಿಗೆ ಹೇಳ್ಕೊಡಲ್ಲ, ಅವರು ಚಿಕ್ಕೋರ ಕೈಯಿಂದ ಪೆನ್ಸಿಲ್ ಕಿತ್ಕೊಂಡು ತಾವೇ ಬರೆದು ‘ಮಿಸ್ ಮುಗೀತು’ ಅಂತಾರೆ. ನಮ್ಮಲ್ಲಿ ಒಂದು ರೂಲ್ಸ್: ಸಹಾಯ ಮಾಡೋರು ತಮ್ಮ ಸ್ಲೇಟ್ ಮೇಲೆ ಬರೆದು ತೋರಿಸಬಹುದು, ಇನ್ನೊಬ್ಬರ ಸ್ಲೇಟ್ ಮುಟ್ಟೋ ಹಾಗಿಲ್ಲ.

ಜಗಳ ಆಗೋದು ಆಗೇ ಆಗತ್ತೆ

ಆಗ ಬುದ್ಧಿವಾದ ಬೇಡ. ಮೊದಲು ಕೈ ಹಿಡಿದು ನಿಲ್ಲಿಸಿ, ನೀವು ಕುಕ್ಕರಗಾಲಲ್ಲಿ ಕೂತು ಮಕ್ಕಳ ಎತ್ತರಕ್ಕೆ ಬನ್ನಿ, ಏದುಸಿರು ಇಳಿಯೋ ತನಕ ಏನೂ ಕೇಳ್ಬೇಡಿ, ನೀರು ಕುಡಿಸಿ. ಆಮೇಲೆ ಒಬ್ಬರಾದ್ಮೇಲೆ ಒಬ್ಬರು ಹೇಳ್ಲಿ, ‘ಯಾರು ಮೊದ್ಲು ಹೊಡ್ದಿದ್ದು’ ಅನ್ನೋ ವಿಚಾರಣೆ ಶುರು ಮಾಡಿದ್ರೆ ಸಂಜೆ ಆಗತ್ತೆ, ಹಾಗಾಗಿ ಕೇಳ್ಬೇಕಾಗಿರೋದು ‘ನಿಂಗೆ ಏನ್ ಬೇಕಿತ್ತು?’ ಅಂತ. ಇಬ್ಬರದೂ ಕೇಳಿದ್ಮೇಲೆ ‘ಈಗ ಏನ್ ಮಾಡೋಣ?’ ಅಂತ ಅವರಿಗೇ ಬಿಡಿ. ಮಕ್ಕಳು ಹೇಳೋ ಪರಿಹಾರ ನಮಗೆ ನ್ಯಾಯ ಅನ್ನಿಸ್ದೇ ಇರಬಹುದು, ಇಬ್ಬರೂ ಒಪ್ಪಿದ್ರೆ ನಡೀಲಿ.

‘ಸಾರಿ ಕೇಳು’ ಅಂತ ಬಲವಂತ ಮಾಡೋದನ್ನ ನಾನು ಬಿಟ್ಟುಬಿಡಿ ಅಂತೀನಿ. ಗೋಡೆ ನೋಡ್ಕೊಂಡು ‘ಸಾರಿ’ ಅಂದು ಓಡೋಗೋದ್ರಲ್ಲಿ ಏನೂ ಇಲ್ಲ. ಹಾಳಾಗಿದ್ದನ್ನ ಸರಿ ಮಾಡಿಸಿ, ಚೆಲ್ಲಿದ ಕಡ್ಡಿ ಒಟ್ಟಿಗೆ ಆರಿಸ್ಲಿ, ಬಿದ್ದ ಮಗು ಮಂಡಿ ತೊಳೆಯೋಕೆ ತಳ್ಳಿದವನೇ ನೀರು ತರ್ಲಿ. ಕಿರುಬೆರಳು ತೋರಿಸಿ ಟೂ ಬಿಟ್ಕೊಂಡ್ರೆ ಅದಕ್ಕೆ ತಲೆ ಹಾಕ್ಬೇಡಿ, ಊಟದ ಬೆಲ್ ಹೊತ್ತಿಗೆ ಅವರೇ ಸರಿ ಹೋಗಿರ್ತಾರೆ.

ಚಾಡಿ ಹೇಳ್ಕೊಂಡು ಬರೋ ಮಗುನ ‘ಹೋಗು ಸುಮ್ನೆ’ ಅಂತ ಓಡಿಸಿದ್ರೆ ನಾಳೆ ನಿಜವಾದ ತೊಂದರೆ ಬಂದಾಗಲೂ ಹೇಳಲ್ಲ. ಒಂದೇ ಪ್ರಶ್ನೆ ಕೇಳಿ, ‘ನಿಂಗೆ ಹೆಲ್ಪ್ ಬೇಕಾ, ಇಲ್ಲ ನಾನು ಅವನಿಗೆ ಬೈಬೇಕಾ?’ ಯಾರಿಗಾದ್ರೂ ಪೆಟ್ಟಾಗಿದ್ರೆ, ಭಯ ಆಗ್ತಿದ್ರೆ ತಕ್ಷಣ ಹೇಳ್ಬೇಕು ಅನ್ನೋದು ಸ್ಪಷ್ಟ ಇರ್ಲಿ.

ಹೊಡೆಯೋ ಮಾತೇ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಸೆಕ್ಷನ್ 17ರಲ್ಲಿ ಏಟು ಮಾತ್ರ ಅಲ್ಲ ಮಾನಸಿಕ ಹಿಂಸೆಯೂ ನಿಷೇಧ. ಕಾಯ್ದೆ ಪಕ್ಕಕ್ಕಿಟ್ರೂ, ಹೊಡೀಬಾರದು ಅಂತ ಹೊಡೆದು ಹೇಳಿದ್ರೆ ಮಕ್ಕಳು ಯಾವುದನ್ನ ನಂಬ್ತಾರೆ ಹೇಳಿ.

ಊಟದ ಸಾಲು

ಇಡೀ ದಿನದಲ್ಲಿ ಬಿಸಿಯೂಟದ ಮುಕ್ಕಾಲು ಗಂಟೆಯಷ್ಟು ಕಲಿಸೋಕೆ ಸಿಗೋ ಹೊತ್ತು ಬೇರೆ ಇಲ್ಲ. ನಲ್ಲಿ ಹತ್ರ ಸಾಲು, ಚಿಕ್ಕೋರಿಗೆ ಮೊದಲು ತಟ್ಟೆ, ‘ಸಾಕು’, ‘ಇನ್ನೊಂಚೂರು ಹಾಕಿ’ ಅಂತ ಬಾಯಿಬಿಟ್ಟು ಹೇಳೋದು, ಪಕ್ಕದವನಿಗೂ ಬರೋ ತನಕ ಕಾದು ಶುರು ಮಾಡೋದು. ನೀರು ಕೊಡೋರು, ನೆಲ ಒರೆಸೋರು ವಾರಕ್ಕೊಮ್ಮೆ ಬದಲಾಗ್ಲಿ, ಗುಡಿಸೋದು ಹುಡುಗಿಯರಿಗೆ ಮಾತ್ರ ಬೀಳದ ಹಾಗೆ ನೋಡ್ಕೊಳ್ಳಿ.

ಯಾರು ಯಾರ ಪಕ್ಕ ಕೂರ್ತಾರೆ ಅನ್ನೋದನ್ನ ಮಾತ್ರ ಮಕ್ಕಳಿಗೆ ಬಿಡ್ಬೇಡಿ. ಯಾರ ಪಕ್ಕ ಕೂರಬಾರದು ಅಂತ ಮನೆಲಿ ಕೇಳಿಸ್ಕೊಂಡು ಬಂದಿರೋ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಈಗಲೂ ಇದಾರೆ, ಆರು ವರ್ಷಕ್ಕೇ ಅದು ನಡವಳಿಕೆಲಿ ಕಾಣತ್ತೆ. ಇದರ ಬಗ್ಗೆ ಭಾಷಣ ಮಾಡಿದ್ರೆ ಯಾವ ಮಗು ಕಡೆ ಎಲ್ರೂ ನೋಡ್ತಾರೆ ಅಂತ ನಿಮಗೇ ಗೊತ್ತು. ಸುಮ್ನೆ ಚಿತ್ರದ ಚೀಟಿ ಹಂಚಿ, ನವಿಲಿನವರು ಒಂದು ಸಾಲು, ಆನೆಯವರು ಒಂದು ಸಾಲು, ದಿನಾ ಬದಲಾಗತ್ತೆ. ನೀವೂ ತಟ್ಟೆ ಹಿಡ್ಕೊಂಡು ಅದೇ ಸಾಲಲ್ಲಿ ಕೂತು ಅದೇ ಅನ್ನ ಸಾಂಬಾರ್ ತಿನ್ನಿ.

ಕಾಫಿ ಕೊಯ್ಲಿನ ಹೊತ್ತಿಗೆ ಬರೋ ಮಕ್ಕಳು

ನವೆಂಬರ್‌ನಿಂದ ಫೆಬ್ರವರಿ ತನಕ ತೋಟದ ಲೈನ್ ಮನೆಗಳಿಗೆ ಹೊಸ ಸಂಸಾರಗಳು ಬರ್ತವೆ, ಅಸ್ಸಾಂ, ಜಾರ್ಖಂಡ್, ತಮಿಳುನಾಡು, ಎಲ್ಲೆಲ್ಲಿಂದಲೋ. ವರ್ಷದ ಮಧ್ಯೆ ಕ್ಲಾಸಿಗೆ ಬಂದ ಆ ಮಗುಗೆ ಕನ್ನಡ ಒಂದಕ್ಷರ ಬರಲ್ಲ. ಬರೋ ಹಿಂದಿನ ದಿನವೇ ಗೊತ್ತಿದ್ರೆ ಇಬ್ಬರು ಜೊತೆಗಾರರನ್ನ ಗೊತ್ತು ಮಾಡಿ, ಒಬ್ಬರೇ ಆದ್ರೆ ಅವರಿಗೆ ಭಾರ ಆಗತ್ತೆ. ಶೌಚಾಲಯ ಎಲ್ಲಿ, ನೀರು ಎಲ್ಲಿ, ತಟ್ಟೆ ಎಲ್ಲಿ ತೋರಿಸೋದು ಅವರ ಕೆಲಸ. ಹೆಸರನ್ನ ತಂದೆತಾಯಿ ಕರೆಯೋ ಹಾಗೇ ಕಲೀರಿ, ನಾಲಿಗೆ ತಿರುಗಲ್ಲ ಅಂತ ಬೇರೆ ಹೆಸರು ಇಡಬೇಡಿ. ಮೊದಲ ವಾರ ಹೆಚ್ಚು ಮಾತು ಬೇಡದ ಆಟಗಳು, ಕೆರೆ-ದಡ, ಕುಂಟೆಬಿಲ್ಲೆ, ಲಗೋರಿ. ಎರಡನೇ ವಾರ ಆ ಮಗು ತನ್ನ ಭಾಷೆಲಿ ಒಂದರಿಂದ ಹತ್ತು ಹೇಳ್ಕೊಡ್ಲಿ, ಎಲ್ರೂ ತಪ್ಪು ತಪ್ಪಾಗಿ ಹೇಳಿ ನಗ್ಲಿ, ಆ ಹತ್ತು ನಿಮಿಷ ಕ್ಲಾಸಲ್ಲಿ ಎಲ್ಲಾ ಗೊತ್ತಿರೋದು ಆ ಮಗುಗೆ ಮಾತ್ರ.

ಮಾತೇ ಆಡದ ಮಗು

ಅಮೆರಿಕದ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಟೀಚರ್‌ಗಳು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ತಾರೆ ಅಂತ ನೋಡಿದ್ರು, ಸುಮಾರು ಒಂದು ಸೆಕೆಂಡ್ ಅಷ್ಟೇ. ಅದನ್ನ 3 ಸೆಕೆಂಡ್ ಮಾಡಿದ್ರೆ ಉತ್ತರ ಹೇಳೋ ಮಕ್ಕಳು ಜಾಸ್ತಿ ಆಗ್ತಾರೆ, ಉತ್ತರನೂ ಉದ್ದ ಆಗತ್ತೆ. ಸುಮ್ಮನಿರೋ ಮಗುಗೆ ನಾನು ಅದಕ್ಕಿಂತ ಜಾಸ್ತಿನೇ ಕಾಯ್ತೀನಿ, ಮುಖವನ್ನೇ ದಿಟ್ಟಿಸಿ ನೋಡಲ್ಲ. ಹಾಜರಿ ಪುಸ್ತಕ ತರೋದು, ಬೆಲ್ ಹೊಡೆಯೋದು ಥರ ಮಾತು ಬೇಡದ ಜವಾಬ್ದಾರಿ ಕೊಡಿ.

ಆದ್ರೆ ನಾಚಿಕೆ ಬೇರೆ, ತೊಂದರೆ ಬೇರೆ. ಹೆಸರು ಕರೆದ್ರೆ ತಿರುಗಿ ನೋಡದೆ ಇರೋದು, ತಿಂಗಳುಗಟ್ಟಲೆ ಯಾರ ಜೊತೆಗೂ ಸೇರದೆ ಇರೋದು ಕಂಡ್ರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ಶಾಲೆಗೆ, ಅಂಗನವಾಡಿಗೆ ಬಂದಾಗ ಆ ಮಗುನ ಮುಂದೆ ನಿಲ್ಲಿಸಿ, ನೀವು ನೋಡಿದ್ದನ್ನ ಚೀಟಿಲಿ ಬರೆದುಕೊಡಿ, ಅವರಿಗೆ ಮಗು ಸಿಗೋದು ಎರಡು ನಿಮಿಷ ಅಷ್ಟೇ.

ಪೋಷಕರಿಗೆ ಉದ್ದ ಪಾಠ ಬೇಡ. ಆ ವಾರದ ಒಂದು ಮಾತನ್ನ ಬಾಗಿಲ ಹತ್ರ ಬೋರ್ಡಲ್ಲಿ ಬರೆದು, ಕರ್ಕೊಂಡು ಹೋಗೋಕೆ ಬಂದ ಅಜ್ಜಿಗೆ ಓದಿ ಹೇಳಿ, ಮನೆಲಿ ಅಣ್ಣ ತಮ್ಮ ಕಿತ್ತಾಡಿದಾಗ ಅದೇ ಮಾತು ಹೇಳಿಸಿ ಅಂದ್ರೆ ಸಾಕು.

ಎರಡು ತಿಂಗಳಿಗೊಮ್ಮೆ ನಾನು ಇನ್ನೊಂದು ಕೆಲಸ ಮಾಡ್ತೀನಿ. ಒಂದೊಂದೇ ಮಗುನ ಹತ್ರ ಕರೆದು ‘ನಾಳೆ ತಟ್ಟೆಲಿ ಯಾರ ಜೊತೆ ಕೂರ್ತೀಯಾ, ಎರಡು ಹೆಸರು ಹೇಳು’ ಅಂತ ಮೆಲ್ಲಗೆ ಕೇಳಿ ಬರ್ಕೋತೀನಿ. ಯಾರ ಜೊತೆ ಬೇಡ ಅಂತ ಯಾವತ್ತೂ ಕೇಳ್ಬೇಡಿ, ಅದು ಹೊರಗೆ ಹೋದ್ರೆ ಗಾಯ ಮಾಡತ್ತೆ. ಪಟ್ಟಿ ಮುಗಿದ್ಮೇಲೆ ಯಾರೂ ಹೇಳದೆ ಉಳಿದ ಹೆಸರು ಯಾವುದು ನೋಡಿ, ಒಂದೋ ಎರಡೋ ಇರತ್ತೆ. ಮುಂದಿನ ವಾರದ ತಟ್ಟೆ ಗುಂಪು ಮಾಡೋವಾಗ ಆ ಮಗು ಹೆಸರು ಮೊದಲು ಬರೀರಿ, ಅದರ ಪಕ್ಕ ಕ್ಲಾಸಲ್ಲಿ ಎಲ್ಲಕ್ಕಿಂತ ಸಮಾಧಾನ ಇರೋ ಮಗುನ ಕೂರಿಸಿ, ಬೆಲ್ ಹೊಡೆಯೋ ಕೆಲಸನೂ ಆ ವಾರ ಇಬ್ಬರಿಗೂ ಸೇರಿಸಿ ಕೊಡಿ.